ಪ್ರೆಜ್ಮೆರ್: ಚರ್ಚಿನ ಸುತ್ತ 270 ಕೋಣೆ ಯಾಕೆ?

ಚಳಿಗೆ_ಕಾಫಿ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮೂರು ತಿಂಗಳಿಂದ ರೊಮೇನಿಯಾದ ಬುಕಾರೆಸ್ಟ್‌ನಲ್ಲಿದ್ದೇನೆ. ಹೋದ ಶನಿವಾರ ಆಫೀಸಿನ ಇಬ್ಬರ ಜೊತೆ ಟ್ರಾನ್ಸಿಲ್ವೇನಿಯಾಕ್ಕೆ ಒಂದು ದಿನದ ಟೂರ್ ಹೋಗಿದ್ದೆ. ವ್ಯಾನಿನವನು ಬ್ರಾನ್ ಕೋಟೆ ಹತ್ತಿರ ಮೂರು ಗಂಟೆ ನಿಲ್ಲಿಸಿದ. "ಡ್ರಾಕುಲಾ ಕೋಟೆ" ಅಂತೆ. ಟೀಶರ್ಟು, ಪ್ಲಾಸ್ಟಿಕ್ ಕೋರೆಹಲ್ಲು, ಉದ್ದನೆ ಕ್ಯೂ. ಆಮೇಲೆ ಬ್ರಾಶೋವ್ ಪಕ್ಕದ ಪ್ರೆಜ್ಮೆರ್ ಅನ್ನೋ ಹಳ್ಳಿಯಲ್ಲಿ "ಇಲ್ಲೊಂದು ಚರ್ಚ್ ಇದೆ, ಇಪ್ಪತ್ತೈದು ನಿಮಿಷ, ಬೇಗ" ಅಂದ. ಒಳಗೆ ಕಾಲಿಟ್ಟ ಮೇಲೆ ಹೊಟ್ಟೆ ಉರಿದುಹೋಯ್ತು. ಮೂರು ಗಂಟೆ ನಿಲ್ಲಿಸಬೇಕಾಗಿದ್ದು ಇಲ್ಲಿ!

ಹೊರಗಿಂದ ದುಂಡನೆಯ ಬೋಳು ಗೋಡೆ. 12 ಮೀಟರ್ ಎತ್ತರ, ಅಂದರೆ ನಮ್ಮ ನಾಲ್ಕಂತಸ್ತಿನ ಮನೆಯಷ್ಟು. ಕಿಟಕಿ ಅನ್ನೋದೇ ಇಲ್ಲ, ಗುಂಡು ಹಾರಿಸೋ ಸೀಳುಗಳು ಮಾತ್ರ. ಸುರಂಗದ ಹಾಗಿರೋ ಕಮಾನು ದಾರಿಯಲ್ಲಿ ಒಳಗೆ ಹೋಗಬೇಕು. ತಲೆ ಮೇಲೆ ಇಳಿಬಿಡುವ ಜಾಲರಿ ಬಾಗಿಲು ಇವತ್ತಿಗೂ ಹಲ್ಲು ಕಿರಿದುಕೊಂಡು ನಿಂತಿದೆ. ದಾಟಿದರೆ ಅಂಗಳ, ನಟ್ಟನಡುವೆ ಚರ್ಚ್. ಸುತ್ತ ಗೋಡೆಯ ಒಳಮೈಗೆ ಅಂಟಿಕೊಂಡು ಪುಟ್ಟ ಪುಟ್ಟ ಬಾಗಿಲುಗಳು. ಒಂದರ ಮೇಲೊಂದು ಸಾಲು. ಮರದ ಮೆಟ್ಟಿಲು, ಮರದ ಪಡಸಾಲೆ. ಥೇಟ್ ಬೆಂಗಳೂರಿನ ಹಳೇ ವಠಾರ! ಪ್ರತಿ ಬಾಗಿಲಿಗೂ ನಂಬರ್. ಒಂದರೊಳಗೆ ತಲೆ ಬಗ್ಗಿಸಿ ನುಗ್ಗಿದೆ. ಹಲಗೆ ನೆಲ ಕಿರ್ ಅಂತು. ಬಾಗಿಲಿಂದ ಬಂದ ಬೆಳಕು ಬಿಟ್ಟರೆ ಕತ್ತಲು. ಹೊರಗೆ ಸೆಕೆ, ಒಳಗೆ ನೆಲಮಾಳಿಗೆಯ ತಂಪು. ಅಷ್ಟರಲ್ಲಿ ವ್ಯಾನಿನ ಹಾರ್ನ್.

270ಕ್ಕೂ ಹೆಚ್ಚು ಕೋಣೆ ಇವೆ ಅಂತ ಟಿಕೆಟ್ ಕೌಂಟರಿನಾಕೆ ಹೇಳಿದರು. ನನ್ನ ಪ್ರಶ್ನೆ: ಇದು ಚರ್ಚಾ, ಕೋಟೆಯಾ? ಕಟ್ಟಿಸಿದ ರಾಜ ಯಾರು? ಅಷ್ಟು ಕೋಣೆಯಲ್ಲಿ ಯಾರಿದ್ದರು, ಸೈನಿಕರಾ?

ಹಿಂದಿನ_ಬೆಂಚು
ಡ್ರಾಕುಲಾ ಸಿಕ್ಕನಾ?

ಚಳಿಗೆ_ಕಾಫಿ
ಹಲ್ಲು ಸಿಕ್ಕವು. ಎರಡು ಜೊತೆ ಕೊಂಡರೆ ಒಂದು ಫ್ರೀ.

ನಕಾಶೆ_ಹುಚ್ಚ
ರಾಜ ಯಾರೂ ಇಲ್ಲ. ಅದೇ ಇದರ ಮಜಾ. ಕಟ್ಟಿದ್ದು ಊರಿನವರು, ಕೋಣೆಗಳೂ ಊರಿನವರವೇ. ಒಂದು ಮನೆತನಕ್ಕೆ ಒಂದು ಕೋಣೆ. ನೀವು ನೋಡಿದ ನಂಬರುಗಳು ಬ್ಯಾರಕ್ಕಿನವಲ್ಲ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಹನ್ನೆರಡನೇ ಶತಮಾನದಲ್ಲಿ ಹಂಗೇರಿಯ ರಾಜ ಎರಡನೇ ಗೇಜಾ ತನ್ನ ರಾಜ್ಯದ ಪೂರ್ವದ ಅಂಚಿಗೆ ಜರ್ಮನ್ ಮಾತಾಡುವ ರೈತರನ್ನು ಕರೆಸಿ ನೆಲೆ ಮಾಡಿಸಿದ. ಕಾಡು ಕಡಿದು ಉಳಲಿ, ಗಡಿಯನ್ನೂ ಕಾಯಲಿ ಅಂತ. ಇವರಿಗೆ ಸ್ಯಾಕ್ಸನ್ನರು ಅಂತ ಹೆಸರು ಬಂತು. 1211ರಲ್ಲಿ ಬ್ರಾಶೋವ್ ಸುತ್ತಲಿನ ಸೀಮೆಯನ್ನು ಎರಡನೇ ಆಂಡ್ರೂ ರಾಜ ಟ್ಯೂಟಾನಿಕ್ ನೈಟ್‌ಗಳು ಅನ್ನೋ ಜರ್ಮನ್ ಧರ್ಮಯೋಧರ ಪಂಗಡಕ್ಕೆ ಕೊಟ್ಟ. ಪ್ರೆಜ್ಮೆರ್ ಚರ್ಚ್ ಶುರುವಾಗಿದ್ದು ಅವರ ಕಾಲದಲ್ಲಿ. ಆ ನೈಟ್‌ಗಳು ತಮ್ಮದೇ ರಾಜ್ಯ ಕಟ್ಟೋಕೆ ಹೊರಟರು ಅಂತ ರಾಜನಿಗೆ ಸಿಟ್ಟು ಬಂದು 1225ರಲ್ಲಿ ಓಡಿಸಿದ. 1240ರಲ್ಲಿ ನಾಲ್ಕನೇ ಬೇಲಾ ಈ ಚರ್ಚನ್ನು ಸಿಸ್ಟರ್ಸಿಯನ್ ಸನ್ಯಾಸಿಗಳ ಕೈಗೆ ಕೊಟ್ಟ. ಮರುವರ್ಷವೇ, 1241ರಲ್ಲಿ, ಮಂಗೋಲರು ಬಂದು ಸೀಮೆಯನ್ನೆಲ್ಲ ಸುಟ್ಟರು.

ನೀವು ನೋಡಿದ ಆ ದಪ್ಪ ಗೋಡೆ ಮಾತ್ರ ಅದಕ್ಕೂ ಈಚಿನದು. ಅದು ತುರ್ಕರ ಭಯಕ್ಕೆ ಕಟ್ಟಿದ್ದು. 1390ರ ದಶಕದಿಂದ ಅವರ ದಾಳಿ ಶುರು. 1421ರಲ್ಲಿ ಬ್ರಾಶೋವ್ ಸೀಮೆ ಹಾಳಾಯ್ತು. ಹದಿನೈದನೇ ಶತಮಾನದ ತುಂಬ ಹಳ್ಳಿಹಳ್ಳಿಯಲ್ಲೂ ಇದೇ ಕೆಲಸ.

ಮೈಸೂರ್‌ಪಾಕ್_ಮುರುಕು
ಸ್ಯಾಕ್ಸನಿಯಿಂದ ಬಂದರಲ್ವಾ, ಅದಕ್ಕೇ ಸ್ಯಾಕ್ಸನ್.

ಮೊಸೆಲ್_ದಂಡೆ
ಇಲ್ಲ ಮಾರಾಯ್ರೆ. ಬಹುಪಾಲು ಬಂದಿದ್ದು ರೈನ್, ಮೊಸೆಲ್ ನದಿಗಳ ಕಡೆಯಿಂದ, ಲಕ್ಸೆಂಬರ್ಗ್ ಸುತ್ತಮುತ್ತ. ಹಂಗೇರಿಯ ಆಸ್ಥಾನದ ಬರಹಗಾರರು ಎಲ್ಲ ಜರ್ಮನರನ್ನೂ ಒಂದೇ ಗಂಟು ಕಟ್ಟಿ "ಸಾಕ್ಸೋನೆಸ್" ಅಂತ ಬರೆದರು. ಉತ್ತರದವರಿಗೆ ನಾವೆಲ್ಲ ಒಟ್ಟಿಗೆ "ಮದರಾಸಿ" ಆಗಿದ್ದೆವಲ್ಲ, ಹಾಗೆ.

ನಾನು ಲಕ್ಸೆಂಬರ್ಗಿನಲ್ಲಿ ಏಳು ವರ್ಷದಿಂದ ಇದ್ದೇನೆ. ನಮ್ಮ ಪಕ್ಕದ ಮನೆ ಅಜ್ಜ ಇಲ್ಲಿಯವರು. ಸ್ಯಾಕ್ಸನ್ ಮುದುಕಿಯೊಬ್ಬರ ಮಾತಿನ ವಿಡಿಯೋ ತೋರಿಸಿದೆ. ಅರ್ಧಕ್ಕರ್ಧ ತಿಳೀತು ಅಂದರು. ಎಂಟುನೂರು ವರ್ಷದ ಹಿಂದೆ ಊರು ಬಿಟ್ಟವರ ಮಾತು!

ಮೈಸೂರ್‌ಪಾಕ್_ಮುರುಕು
ಓಹೋ. ತಿದ್ದಿಕೊಂಡೆ. ಹಾಗಾದ್ರೆ ನಮ್ಮ ಕಿಟೆಲ್ ಕೂಡ ಈ ಕಡೆಯವರಾ? ನಿಘಂಟಿನ ಕಿಟೆಲ್?

ಮೊಸೆಲ್_ದಂಡೆ
ಕಿಟೆಲ್ ಹುಟ್ಟಿದ್ದು ಜರ್ಮನಿಯ ಉತ್ತರದ ತುದಿ, ಸಮುದ್ರದ ಬದಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಇದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಗಾರೆ_ಸುಣ್ಣ
ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು. ಪ್ರೆಜ್ಮೆರ್‌ನಲ್ಲಿ ಎರಡು ದಿನ ಸುಮ್ನೆ ಅಳೆಯುತ್ತಾ ಕೂತಿದ್ದೆ. ಕಟ್ಟಡದ ಬಗ್ಗೆ ಹೇಳ್ತೀನಿ.

ಚರ್ಚಿನ ಮೂಲ ನಕ್ಷೆ ಗ್ರೀಕ್ ಶಿಲುಬೆ, ಅಂದರೆ ನಾಲ್ಕು ತೋಳೂ ಒಂದೇ ಅಳತೆ. ಈ ಕಡೆ ಅಪರೂಪ. ಹದಿನಾರನೇ ಶತಮಾನದ ಮೊದಲಲ್ಲಿ ಪಶ್ಚಿಮದ ತೋಳನ್ನು ಉದ್ದ ಮಾಡಿದರು. ತೋಳುಗಳು ಕೂಡುವ ಜಾಗದ ಮೇಲೆ ಎಂಟು ಮೂಲೆಯ ಗೋಪುರ. ಒಳಗಿರುವ ಬಣ್ಣದ ಅಲ್ಟಾರ್, ಅಂದರೆ ದೇವರ ಪೀಠದ ಚಿತ್ರಫಲಕ, 1450ರ ಸುಮಾರಿನದು. ಟ್ರಾನ್ಸಿಲ್ವೇನಿಯಾದಲ್ಲಿ ಉಳಿದಿರುವ ಮೂರು ಮಡಿಕೆಯ ಅಲ್ಟಾರುಗಳಲ್ಲಿ ಅದೇ ಹಳೇದು. ಇಪ್ಪತ್ತೈದು ನಿಮಿಷದಲ್ಲಿ ಅದನ್ನ ನೋಡಿರಲ್ಲ ಬಿಡಿ.

ಈಗ ಗೋಡೆ. ಬುಡದಲ್ಲಿ ನಾಲ್ಕೈದು ಮೀಟರ್ ದಪ್ಪ. ಗೋಡೆಗೆ ಒಳಗಿನಿಂದ ಒತ್ತಿ ಕೋಣೆಗಳನ್ನು ಪೇರಿಸಿದ್ದಾರೆ. ಕೋಣೆಗಳ ಮೇಲೆ, ಮಾಡಿನ ಅಡಿಯಲ್ಲಿ, ಸುತ್ತಲೂ ಓಡಾಡುವ ದಾರಿ. ಮಳೆ ಬಂದರೂ ಬಂದೂಕಿನ ಮದ್ದು ನೆನೆಯಲ್ಲ. ಎಲ್ಲಿ ದಾಳಿಯಾದರೂ ಐದೇ ನಿಮಿಷದಲ್ಲಿ ಜನ ಆ ಕಡೆ ಓಡಬಹುದು. ಸೀಳುಗಳನ್ನು ಹತ್ತಿರದಿಂದ ನೋಡಿ: ಒಳಗಡೆ ಅಗಲ, ಹೊರಗಡೆ ಕಿರಿದು. ಕೆಲವು ಕಡೆ ಗೋಡೆಯಿಂದ ಮುಂದಕ್ಕೆ ಚಾಚಿದ, ಕೆಳಗೆ ತೂತಿರುವ ಪೆಟ್ಟಿಗೆಗಳಿವೆ. ಜರ್ಮನ್ನಿನಲ್ಲಿ "ಪೆಖ್‌ನಾಸೆ" ಅಂತಾರೆ, ಅಕ್ಷರಶಃ ಡಾಂಬರು ಮೂಗು. ಬುಡಕ್ಕೆ ಬಂದವನ ತಲೆ ಮೇಲೆ ಸುರಿಯೋಕೆ.

ಇನ್ನು ಗೈಡ್‌ಗಳು ಕೊಚ್ಚಿಕೊಳ್ಳೋ "ಸಾವಿನ ಆರ್ಗನ್" ಅನ್ನೋ ಆಯುಧ, ಆರ್ಗನ್ ಅಂದರೆ ಇಲ್ಲಿ ಚರ್ಚಿನ ವಾದ್ಯ. ತಿರುಗಿಸಬಹುದಾದ ಹಲಗೆಗೆ ಸಾಲಾಗಿ ಬಂದೂಕಿನ ನಳಿಗೆ ಕಟ್ಟಿರುತ್ತಿದ್ದರು. ಒಂದು ಕಡೆಯವು ಒಟ್ಟಿಗೆ ಹಾರಿದ ಕೂಡಲೇ ಹಲಗೆ ತಿರುಗಿಸಿದರೆ ಇನ್ನೊಂದು ಕಡೆಯವು ರೆಡಿ. ಅಷ್ಟರಲ್ಲಿ ಮೊದಲಿನವಕ್ಕೆ ಮದ್ದು ತುಂಬೋದು.

ಹಿಂದಿನ_ಬೆಂಚು
ಕುದಿಯೋ ಎಣ್ಣೆ ಅಲ್ವಾ ಸುರೀತಿದ್ದಿದ್ದು? ಎಲ್ಲ ಸಿನಿಮಾದಲ್ಲೂ ಎಣ್ಣೇನೇ.

ಗಾರೆ_ಸುಣ್ಣ
ಹಳ್ಳಿ ರೈತ ಎಣ್ಣೆ ಸುರೀತಾನಾ? ವರ್ಷದ ಒಗ್ಗರಣೆ ಏನಾಗಬೇಕು? ಕಲ್ಲು, ಬಿಸಿನೀರು ಪುಕ್ಕಟೆ.

ಚಳಿಗೆ_ಕಾಫಿ
ಸರಿ, ಆದರೆ ಒಂದು ಅರ್ಥ ಆಗಲಿಲ್ಲ. ತುರ್ಕರ ಸೈನ್ಯದ ಮುಂದೆ ಒಂದು ಹಳ್ಳಿ ಗೋಡೆ ಎಷ್ಟು ದಿನ ನಿಲ್ಲುತ್ತೆ? ಕಾನ್‌ಸ್ಟಾಂಟಿನೋಪಲ್ ಗೋಡೆಯೇ 1453ರಲ್ಲಿ ಫಿರಂಗಿಗೆ ಬಿತ್ತು.

ನಕಾಶೆ_ಹುಚ್ಚ
ಒಳ್ಳೇ ಪ್ರಶ್ನೆ. ಇಲ್ಲಿಗೆ ಬರ್ತಾ ಇದ್ದಿದ್ದು ಹೆಚ್ಚಾಗಿ ಸುಲ್ತಾನನ ದೊಡ್ಡ ಸೈನ್ಯ ಅಲ್ಲ, ಲೂಟಿ ಮಾಡುವ ಕುದುರೆ ಸವಾರರು. ಬೆಟ್ಟದ ಕಣಿವೆ ದಾಟಿ ನುಗ್ಗೋದು, ಜನರನ್ನ ದನಗಳನ್ನ ಹಿಡಿದು ಗುಲಾಮರ ಸಂತೆಗೆ ಹೊಡೆದುಕೊಂಡು ಹೋಗೋದು. ಅವರ ಹತ್ತಿರ ದೊಡ್ಡ ಫಿರಂಗಿ ಇರಲ್ಲ, ವಾರಗಟ್ಟಲೆ ಕಾಯೋ ತಾಳ್ಮೆಯೂ ಇರಲ್ಲ. ಕೆಲವು ದಿನ ಬಾಗಿಲು ಮುಚ್ಚಿಕೊಂಡು ಕೂತರೆ ಬೇಸತ್ತು ಪಕ್ಕದ ಹಳ್ಳಿಗೆ ಹೋಗ್ತಾರೆ. ಅದಕ್ಕೇ ಗೋಡೆಗಿಂತ ಮುಖ್ಯ ಒಳಗೆ ಊಟ ಇರೋದು. ನಿಮ್ಮ ಕೋಣೆಗಳ ಗುಟ್ಟು ಅಲ್ಲಿದೆ.

ಸೆರೆಯಾದರೆ ಏನಾಗುತ್ತಿತ್ತು ಅನ್ನೋದಕ್ಕೆ ಒಬ್ಬನ ಕತೆ ಉಳಿದಿದೆ. 1438ರಲ್ಲಿ ಸೆಬೆಶ್ ಪಟ್ಟಣವನ್ನು ತುರ್ಕರು ಮುತ್ತಿದರು. ಊರು ಶರಣಾಯ್ತು. ಶರಣಾಗಲು ಒಪ್ಪದ ಕೆಲವರು ಒಂದು ಗೋಪುರದೊಳಗೆ ಸೇರಿಕೊಂಡರು, ಅದರಲ್ಲಿ ಒಬ್ಬ ಹುಡುಗ ವಿದ್ಯಾರ್ಥಿ. ಗೋಪುರಕ್ಕೆ ಬೆಂಕಿ ಇಟ್ಟರು. ಆಮೇಲೆ ಅರೆ ಬೆಂದ ಹುಡುಗನನ್ನು ಎಳೆದು ಮಾರಿದರು. ಇಪ್ಪತ್ತು ವರ್ಷ ಗುಲಾಮನಾಗಿದ್ದು, ಬಿಡಿಸಿಕೊಂಡು ಬಂದು, ತುರ್ಕರ ಬದುಕಿನ ಬಗ್ಗೆ ಲ್ಯಾಟಿನ್‌ನಲ್ಲಿ ಪುಸ್ತಕ ಬರೆದ. ಬೈದು ಮಾತ್ರ ಬರೆಯಲಿಲ್ಲ, ಅವರ ಶಿಸ್ತು ಸರಳತನವನ್ನು ಮೆಚ್ಚಿಯೂ ಬರೆದ. ಆ ಪುಸ್ತಕದ 1530ರ ಮುದ್ರಣಕ್ಕೆ ಮಾರ್ಟಿನ್ ಲೂಥರ್ ಮುನ್ನುಡಿ ಇದೆ.

ಹುಡೇವಿನ_ನೆರಳು
ಇದನ್ನೆಲ್ಲ ಓದಿದರೆ ನಮ್ಮೂರೇ ನೆನಪಾಯ್ತು. ನಮ್ಮದು ಧಾರವಾಡದ ಕಡೆ. ಊರ ನಡುವೆ ಹುಡೇವು ಇದೆ, ದುಂಡಗೆ, ಮೇಲೆ ಹತ್ತಿ ನೋಡಿದರೆ ಹರದಾರಿ ದೂರದ ಧೂಳು ಕಾಣ್ತದೆ. ಪೆಂಢಾರಿಗಳು ಬಂದರೆ ಅದರ ಮೇಲಿಂದ ಕೂಗು ಹಾಕ್ತಿದ್ದರಂತೆ. ಈಗ ಅದರ ಮೇಲೆ ಬೇವಿನ ಗಿಡ, ಕೆಳಗೆ ಇಸ್ಪೀಟು.

ಕಾಳಿಗೆ ನಮ್ಮಲ್ಲಿ ಗೋಡೆ ಕೋಣೆ ಅಲ್ಲ, ಹಗೇವು. ನೆಲದೊಳಗೆ ಗಡಿಗೆ ಆಕಾರದ ಗುಂಡಿ, ಬಾಯಿ ಸಣ್ಣದು. ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮುಚ್ಚಿದರೆ ಮೇಲೆ ಬಂಡಿ ಹಾದರೂ ಗೊತ್ತಾಗೂದಿಲ್ಲ. ನಾನು ಸಣ್ಣವನಿದ್ದಾಗ ಒಮ್ಮೆ ತೆಗೆದದ್ದು ನೋಡಿದ್ದೆ. ಬಾಯಿ ತೆಗೆದ ಕೂಡಲೇ ಯಾರೂ ಇಳೀಲಿಲ್ಲ. ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಕಂದೀಲು ಆರಿದರೆ ಒಳಗೆ ಕೆಟ್ಟ ಗಾಳಿ ಅಂತ. ಆರಲಿಲ್ಲ. ಆಮೇಲೆ ಅಜ್ಜ ಇಳಿದ. ಮೇಲೆ ಬಂದ ಜೋಳದ ವಾಸನೆ ಇನ್ನೂ ಮೂಗಿನಲ್ಲಿದೆ, ಹುಳಿಹುಳಿ, ಬೆಚ್ಚಗೆ.

ಅವರು ಮೇಲೆ ಪೇರಿಸಿದರು, ನಾವು ಕೆಳಗೆ ಹೂತೆವು. ಭಯ ಒಂದೇ.

ಚಕ್ಕುಲಿ_ಡಬ್ಬಿ
ಧಾರವಾಡದವರು ಬಂದ ಮೇಲೆ ಪೇಡಾ ಮಾತೇ ಬರಲಿಲ್ಲವಲ್ಲ!

ಹುಡೇವಿನ_ನೆರಳು
ಪೇಡಾ ಹಗೇವಿನಾಗ ಇಡೂದಿಲ್ಲರಿ, ಉಳಿಯೂದೇ ಇಲ್ಲ.

ಮೊಸೆಲ್_ದಂಡೆ
ಉಳಿಸೋ ಮಾತು ಬಂತು ಅಂದ್ಮೇಲೆ ವಿಸ್ಕ್ರಿ ಊರಿನ ಬೇಕನ್ ಗೋಪುರ ಹೇಳಲೇಬೇಕು. ಚರ್ಚಿನ ಕೋಟೆ ಗೋಪುರದಲ್ಲಿ ಇಡೀ ಊರಿನ ಹಂದಿ ಕೊಬ್ಬಿನ ಹಾಳೆಗಳನ್ನು ಸಾಲಾಗಿ ನೇತುಹಾಕುತ್ತಿದ್ದರು. ಪ್ರತಿ ಹಾಳೆಗೂ ಮನೆಯ ಮುದ್ರೆ. ನಿಗದಿಯಾದ ಹೊತ್ತಿಗೆ ಮಾತ್ರ ಬಾಗಿಲು ತೆಗೆಯೋದು. ಮನೆಯವರು ಬಂದು ವಾರಕ್ಕೆ ಬೇಕಾದಷ್ಟು ಕತ್ತರಿಸಿಕೊಂಡು, ಕತ್ತರಿಸಿದ ಅಂಚಿಗೆ ಮತ್ತೆ ಮುದ್ರೆ ಒತ್ತಿ ಹೋಗೋದು. ಯಾರಾದರೂ ಕದ್ದು ಕೊಯ್ದರೆ ಮುದ್ರೆ ಇಲ್ಲದ ಅಂಚು ಕಾಣುತ್ತೆ!

ಯುದ್ಧ ಮುಗಿದು ನೂರಾರು ವರ್ಷ ಆದ ಮೇಲೂ ಈ ಪದ್ಧತಿ ನಡೀತು. ದಪ್ಪ ಗೋಡೆ, ತಂಪು, ಇಲಿಗಳ ಕಾಟ ಕಡಿಮೆ. ದರ್ಜಿಯು ಅನ್ನೋ ಊರಿನಲ್ಲಿ ಇವತ್ತಿಗೂ ಕೆಲವು ಮನೆಯವರು ಗೋಡೆಯೊಳಗೆ ಕೊಬ್ಬು, ಕಾಳು ಇಡುತ್ತಾರೆ. ಆದರೆ ಅವರು ಸ್ಯಾಕ್ಸನ್ನರಲ್ಲ, ಹಂಗೇರಿಯನ್ ಮಾತಾಡುವ ಸೆಕೆಯ್ ಜನ, ಯೂನಿಟೇರಿಯನ್ ಪಂಥದವರು. ಅಲ್ಲಿ 1419ರ ಗೋಡೆಚಿತ್ರಗಳೂ ಇವೆ.

ಚಕ್ಕುಲಿ_ಡಬ್ಬಿ
ನಾವು ಪುಳಿಚಾರು. ದೇವರ ಮನೆ ಗೋಪುರದಲ್ಲಿ ಹಂದಿ ಕೊಬ್ಬು ಅಂದಾಗ ಒಂದು ಕ್ಷಣ ಕಾಫಿ ಕೆಳಗಿಟ್ಟೆ. ಆದರೆ ಮುದ್ರೆ ಐಡಿಯಾ ಸೂಪರ್. ಉಪ್ಪಿನಕಾಯಿ ಜಾಡಿಗೆ ಹಾಗೆ ಮಾಡಬೇಕು, ಮನೆಯಲ್ಲಿ ಒಬ್ಬರು ರಾತ್ರಿ ಕೈ ಹಾಕ್ತಾರೆ. ಹೆಸರು ಹೇಳಲ್ಲ.

ಬೆಲ್ಲದ_ಅಚ್ಚು
ಎಲ್ಲರೂ ಮುದ್ದುಮುದ್ದಾಗಿ "ಊರಿನವರು ಕಟ್ಟಿದರು, ಊರಿನವರದೇ" ಅಂತಿದ್ದೀರಿ. ಯಾವ ಊರಿನವರು? ಎಲ್ಲರೂನಾ? ಆ ಸೀಮೆಯಲ್ಲಿ ರೊಮೇನಿಯನ್ನರಿದ್ದರು, ರೋಮಾ ಜನ ಇದ್ದರು. ಸ್ಯಾಕ್ಸನ್ ಸೀಮೆಯಲ್ಲಿ ಬೇರೆಯವರಿಗೆ ಆಸ್ತಿ ಕೊಳ್ಳುವ ಹಕ್ಕು ಸಿಕ್ಕಿದ್ದು 1781ರಲ್ಲಿ, ಚಕ್ರವರ್ತಿ ಎರಡನೇ ಜೋಸೆಫ್ ಆಜ್ಞೆ ಹೊರಡಿಸಿದ ಮೇಲೆ. 1437ರಲ್ಲಿ ಹಂಗೇರಿಯನ್ ಜಹಗೀರದಾರರು, ಸ್ಯಾಕ್ಸನ್ನರು, ಸೆಕೆಯ್‌ಗಳು ಸೇರಿ "ಮೂರು ಕುಲಗಳ ಒಕ್ಕೂಟ" ಮಾಡಿಕೊಂಡರಲ್ಲ, ಅದು ತುರ್ಕರ ವಿರುದ್ಧ ಮಾತ್ರ ಅಲ್ಲ, ದಂಗೆ ಎದ್ದ ರೈತರ ವಿರುದ್ಧವೂ. ರೊಮೇನಿಯನ್ನರಿಗೆ ಅದರಲ್ಲಿ ಜಾಗ ಇರಲಿಲ್ಲ. ಕೋಣೆಗೆ ನಂಬರ್ ಇದೆ ಅಂದರೆ, ನಂಬರ್ ಇಲ್ಲದವನೂ ಒಬ್ಬ ಇದ್ದ ಅಂತ ಅರ್ಥ.

ನಕಾಶೆ_ಹುಚ್ಚ
ನೀವು ಹೇಳಿದ್ದು ಸರಿ. ನಾನು ಅದನ್ನು ಬಿಟ್ಟುಬಿಟ್ಟೆ. ಆದರೆ ಇದನ್ನೂ ಒಪ್ಪಿಕೊಳ್ಳಿ: ಆ ಕಾಲದ ಯೂರೋಪಿನಲ್ಲಿ ರೈತ ಅಂದರೆ ಬಹುತೇಕ ಜಮೀನ್ದಾರನ ಜೀತದಾಳು. ಇವರು ಅಲ್ಲ. 1224ರಲ್ಲಿ ಎರಡನೇ ಆಂಡ್ರೂ ಇವರಿಗೆ ಸನ್ನದು ಕೊಟ್ಟ. ತಮ್ಮ ನ್ಯಾಯಾಧೀಶ, ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳಬಹುದು. ಬದಲಿಗೆ ಒಟ್ಟಾಗಿ ವರ್ಷಕ್ಕೆ 500 ಬೆಳ್ಳಿ ಮಾರ್ಕ್ ತೆರಿಗೆ, ರಾಜ್ಯದೊಳಗೆ ಯುದ್ಧ ಆದರೆ 500 ಸೈನಿಕರು. ನಡುವೆ ಪಾಳೇಗಾರ ಇಲ್ಲ. ಪಾಳೇಗಾರ ಇಲ್ಲದ ಮೇಲೆ ಓಡಿಹೋಗಿ ಸೇರಿಕೊಳ್ಳೋಕೆ ಅವನ ಕೋಟೆಯೂ ಇಲ್ಲ! ಊರಲ್ಲಿ ಗಟ್ಟಿ ಕಲ್ಲಿನ ಕಟ್ಟಡ, ಎಲ್ಲರಿಗೂ ಸೇರಿದ್ದು ಅಂದರೆ ಚರ್ಚ್ ಒಂದೇ. ಅದರ ಸುತ್ತ ಗೋಡೆ ಎದ್ದಿತು.

ಕಾಲ್ನಿಕ್ ಅನ್ನೋ ಊರಿನ ಕತೆ ಇದಕ್ಕೆ ಉಲ್ಟಾ. ಅಲ್ಲಿ ಒಬ್ಬ ಗೌಡನ ಮನೆತನಕ್ಕೆ ಸ್ವಂತ ಕೋಟೆ ಇತ್ತು. 1430ರಲ್ಲಿ ಊರಿನವರು ಆ ಕೋಟೆಯನ್ನೇ ದುಡ್ಡು ಕೊಟ್ಟು ಕೊಂಡರು.

ಬೆಲ್ಲದ_ಅಚ್ಚು
ಊರು ಕೋಟೆ ಕೊಂಡಿದ್ದು ಇಷ್ಟ ಆಯ್ತು. ಮೊದಲಿನ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ರೈಲು_ಪ್ರಯಾಣಿಕ
ನಮ್ಮಲ್ಲೂ ದೇವಸ್ಥಾನವನ್ನು ಕೋಟೆ ಮಾಡಿಕೊಂಡವರಿದ್ದಾರಲ್ಲ. ಶ್ರೀರಂಗಂ ದ್ವೀಪದ ದೇವಸ್ಥಾನಗಳ ಪ್ರಾಕಾರದೊಳಗೆ ಫ್ರೆಂಚರು ಸೇರಿಕೊಂಡು 1752ರಲ್ಲಿ ಅಲ್ಲೇ ಶರಣಾದರು.

ಗಾರೆ_ಸುಣ್ಣ
ಅದು ಸಿಕ್ಕ ಗೋಡೆಯನ್ನು ಬಳಸಿಕೊಂಡಿದ್ದು. ಇಲ್ಲಿ ಕಟ್ಟಡದ ಮೈಯೇ ಬದಲಾಯ್ತು. ವಾಲ್ಯಾ ವೀಲೋರ್ ಚರ್ಚ್ ನೋಡಿ. ದೇವರ ಪೀಠ ಇರುವ ಭಾಗದ ಮೇಲೇ ಕಾವಲು ಅಂತಸ್ತು ಏರಿಸಿ ಅದನ್ನ ಗೋಪುರ ಮಾಡಿದ್ದಾರೆ. ಆ ಪೀಠದ ಭಾಗದೊಳಗೇ ಬಾವಿ ಇದೆ! ಹೊರಗಿನ ಗೋಡೆ ಬಿದ್ದರೆ ಚರ್ಚಿನೊಳಗೆ ಸೇರಿ ನೀರು ಸೇದಿಕೊಂಡು ಕೂರಬಹುದು. ಸಾಸ್ಕಿಜ್‌ನಲ್ಲಿ ಚರ್ಚೇ ಉದ್ದಕ್ಕೂ ಕೋಟೆ, ಗಂಟೆ ಗೋಪುರ ಪಕ್ಕದಲ್ಲಿ ಬೇರೆಯಾಗಿ ನಿಂತಿದೆ. ಪ್ರೆಜ್ಮೆರ್‌ನಲ್ಲಿ ಚರ್ಚನ್ನು ಅಷ್ಟಾಗಿ ಮುಟ್ಟಲಿಲ್ಲ, ಎಲ್ಲ ಬಲ ಸುತ್ತಿನ ಗೋಡೆಗೆ ಹಾಕಿದರು.

ಹಿಂದಿನ_ಬೆಂಚು
ಕೊನೆಗೆ ಪ್ರೆಜ್ಮೆರ್ ಬಿತ್ತಾ ಇಲ್ವಾ? ಅದನ್ನ ಹೇಳಿ.

ನಕಾಶೆ_ಹುಚ್ಚ
ಒಂದೇ ಸಲ, 1611ರಲ್ಲಿ. ಹಿಡಿದಿದ್ದು ತುರ್ಕರಲ್ಲ, ಟ್ರಾನ್ಸಿಲ್ವೇನಿಯಾದ ಸ್ವಂತ ದೊರೆ ಗಾಬ್ರಿಯೆಲ್ ಬಾಥೋರಿ. ಸ್ಯಾಕ್ಸನ್ನರ ಜೊತೆ ಅವನಿಗೆ ಜಗಳ.

ಗೈಡ್‌ಗಳು "50 ಸಲ ಮುತ್ತಿಗೆ" ಅಂತಾರೆ. ಯಾರು ಬೆರಳು ಮಡಚಿ ಎಣಿಸಿದರೋ.

ರೈಲು_ಪ್ರಯಾಣಿಕ
ಹೊರಗಿನವರಿಗೆ ಕಟ್ಟಿದ ಗೋಡೆಯನ್ನ ಮನೆಯವನೇ ಒಡೆದ. ಹ್ಮ್.

ಚಕ್ಕುಲಿ_ಡಬ್ಬಿ
ಯಾರೂ ಬಿಯೆರ್ತಾನ್ ಬಗ್ಗೆ ಬರೆದೇ ಇಲ್ಲ! ನಾನು ನೋಡಿದ್ದು ಅದೊಂದೇ. ದಿಬ್ಬದ ಮೇಲೆ ಮೂರು ಸುತ್ತಿನ ಗೋಡೆ, ಮಾಡು ಹಾಕಿದ ಮೆಟ್ಟಿಲು ಹತ್ತಿ ಹೋಗಬೇಕು. ಪೂಜಾ ಸಾಮಾನಿನ ಕೋಣೆ ಬಾಗಿಲಿಗೆ 1515ರ ಬೀಗ ಇದೆ. ಒಂದೇ ಕೀಲಿ ತಿರುಗಿಸಿದರೆ ಬಾಗಿಲಿನ ನಾಲ್ಕೂ ಕಡೆಯಿಂದ ಚಿಲಕಗಳು ಒಟ್ಟಿಗೆ ಚಾಚ್ತವೆ. ಹಲಗೆ ಮೇಲೆ ಕಬ್ಬಿಣದ ಗಾಲಿ, ಕೊಂಡಿ, ಸರಳು, ಎಲ್ಲ ಬಿಚ್ಚಿಟ್ಟ ಗಡಿಯಾರದ ಹಾಗೆ ಕಾಣುತ್ತೆ. 1900ರ ಪ್ಯಾರಿಸ್ ಪ್ರದರ್ಶನಕ್ಕೂ ಕಳಿಸಿದ್ದರಂತೆ.

ರೈಲು_ಪ್ರಯಾಣಿಕ
ಹೌದು, ಹತ್ತೊಂಬತ್ತು ಚಿಲಕ.

ಮೈಸೂರ್‌ಪಾಕ್_ಮುರುಕು
ನಾನು ಓದಿದ್ದು ಹದಿಮೂರು.

ರೈಲು_ಪ್ರಯಾಣಿಕ
ಹತ್ತೊಂಬತ್ತು!

ಚಕ್ಕುಲಿ_ಡಬ್ಬಿ
ಎಷ್ಟಾದರೂ ಇರಲಿ, ಕೀಲಿ ಒಂದೇ. ಕೀಲಿ ಇಟ್ಟ ಜಾಗ ಮರೆತರೆ ಮುಗೀತು.

ಅಲ್ಲಿಯ ಇನ್ನೊಂದು ಕೋಣೆ ಇನ್ನೂ ಮಜಾ. ಗಂಡ ಹೆಂಡತಿ ವಿಚ್ಛೇದನ ಬೇಕು ಅಂತ ಬಂದರೆ ಇಬ್ಬರನ್ನೂ ಕೋಟೆಯೊಳಗಿನ ಒಂದು ಪುಟ್ಟ ಕೋಣೆಯಲ್ಲಿ ಎರಡು ವಾರ ಹಾಕುತ್ತಿದ್ದರಂತೆ. ಒಂದೇ ಹಾಸಿಗೆ, ಒಂದೇ ತಟ್ಟೆ, ಒಂದೇ ಚಮಚ. ಮುನ್ನೂರು ವರ್ಷದಲ್ಲಿ ಒಂದೇ ವಿಚ್ಛೇದನ ಆಯ್ತು ಅಂತ ಅಲ್ಲಿ ಹೆಮ್ಮೆಯಿಂದ ಹೇಳ್ತಾರೆ.

ಬೆಲ್ಲದ_ಅಚ್ಚು
ಹೊಡೆಯೋ ಗಂಡನ ಜೊತೆ ಎರಡು ವಾರ ಬೀಗ ಹಾಕಿದರೆ ಯಾವ ಹೆಂಗಸು "ಬೇಡ, ವಾಪಸ್ ಮನೆಗೆ ಹೋಗ್ತೀನಿ" ಅನ್ನಲ್ಲ? ಕೇಸು ವಾಪಸ್ ತಗೊಂಡರೆ ಸಂಸಾರ ಸರಿ ಹೋಯ್ತಾ?

ಚಕ್ಕುಲಿ_ಡಬ್ಬಿ
ನಮ್ಮ ಗುಂಪಿನಲ್ಲಿ ಗಂಡಸರೆಲ್ಲ ನಕ್ಕರು, ಹೆಂಗಸರು ಚಮಚ ನೋಡ್ತಾ ನಿಂತೆವು. ನಿಜ ಹೇಳಿದಿರಿ.

ಮೊಸೆಲ್_ದಂಡೆ
ಆ ಕೋಣೆ ಬಿಯೆರ್ತಾನ್‌ನಲ್ಲೇ ಯಾಕೆ ಅಂದರೆ, ಸ್ಯಾಕ್ಸನ್ನರು 1540ರ ದಶಕದಲ್ಲಿ ಬ್ರಾಶೋವ್‌ನ ಧರ್ಮಸುಧಾರಕ ಹೊಂಟೆರುಸ್ ಮುಂದಾಳತ್ವದಲ್ಲಿ ಲೂಥರನ ಪ್ರಾಟೆಸ್ಟೆಂಟ್ ಹಾದಿ ಹಿಡಿದರು. ಕ್ಯಾಥೊಲಿಕ್ಕರ ಹಾಗೆ ವಿಚ್ಛೇದನ ಪೂರ್ತಿ ನಿಷಿದ್ಧ ಅಲ್ಲ. ಬಿಷಪ್ ತೀರ್ಮಾನ ಮಾಡಬೇಕು. 1572ರಿಂದ 1867ರವರೆಗೆ ಬಿಷಪ್ಪರು ಇದ್ದಿದ್ದು ಬಿಯೆರ್ತಾನ್‌ನಲ್ಲಿ. ಹೀಗಾಗಿ ಸೀಮೆಯ ಜಗಳವೆಲ್ಲ ಅಲ್ಲಿಗೇ ಬರುತ್ತಿತ್ತು.

ಹಿಂದಿನ_ಬೆಂಚು
ನನ್ನ ಡ್ರಾಕುಲಾ ಪ್ರಶ್ನೆಗೆ ಇನ್ನೂ ಗಂಭೀರ ಉತ್ತರ ಬಂದಿಲ್ಲ ಅಂತ ಸಭೆಯ ಗಮನಕ್ಕೆ ತರುತ್ತೇನೆ.

ನಕಾಶೆ_ಹುಚ್ಚ
ತಗೊಳ್ಳಿ. ಡ್ರಾಕುಲಾ ಹೆಸರಿನ ಹಿಂದಿರುವ ನಿಜವಾದ ಮನುಷ್ಯ ವ್ಲಾದ್ ತ್ಸೆಪೆಶ್, ಬೆಟ್ಟದ ಆ ಕಡೆಯ ವಲಾಕಿಯಾದ ದೊರೆ. ಬ್ರಾಶೋವ್‌ನ ವ್ಯಾಪಾರಿಗಳ ಜೊತೆ ಜಗಳ ಆಗಿ 1450ರ ದಶಕದ ಕೊನೆಗೆ ಇದೇ ಸೀಮೆಯ ಸ್ಯಾಕ್ಸನ್ ಹಳ್ಳಿಗಳನ್ನು ಸುಟ್ಟ, ಜನರನ್ನು ಶೂಲಕ್ಕೇರಿಸಿದ. ಅವನು ರಾಕ್ಷಸ ಅಂತ ಯೂರೋಪಿಗೆಲ್ಲ ಹಬ್ಬಿದ್ದು ಜರ್ಮನ್ ಭಾಷೆಯ ಕಿರುಹೊತ್ತಗೆಗಳಿಂದ. ಅಂದರೆ ಚಳಿಗೆ_ಕಾಫಿ ಅವರು ಕೋರೆಹಲ್ಲು ಕೊಂಡ ಅಂಗಡಿಗೆ ಬಂಡವಾಳ ಹಾಕಿದವರು ಒಂದು ರೀತಿ ಈ ಗೋಡೆ ಕಟ್ಟಿದವರ ಪೈಕಿಯೇ!

ಹಿಂದಿನ_ಬೆಂಚು
ತೃಪ್ತಿ ಆಯ್ತು.

ಸಂಜೆ_ಮಬ್ಬು
ಮೌನವಾಗಿ ಓದುತ್ತಿದ್ದೆ, ಒಂದು ಕೇಳ್ತೀನಿ. ಈಗ ಆ ಸ್ಯಾಕ್ಸನ್ ಜನ ಎಲ್ಲಿದ್ದಾರೆ?

ಮೊಸೆಲ್_ದಂಡೆ
ಬಹುಪಾಲು ಜರ್ಮನಿಯಲ್ಲಿ. 1945ರ ಜನವರಿಯಲ್ಲಿ ರೊಮೇನಿಯಾದ ಸುಮಾರು 70,000 ಜರ್ಮನರನ್ನು, ದುಡಿಯೋ ವಯಸ್ಸಿನ ಗಂಡಸರು ಹೆಂಗಸರನ್ನು, ಸೋವಿಯತ್ ಗಣಿಗಳಿಗೆ ಸಾಗಿಸಿದರು. ಆಮೇಲೆ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಕಾಲದಲ್ಲಿ ಪಶ್ಚಿಮ ಜರ್ಮನಿ ತಲೆಗಿಷ್ಟು ಅಂತ ದುಡ್ಡು ಕೊಟ್ಟು ಜನರನ್ನು ಬಿಡಿಸಿಕೊಂಡಿತು. ಅದರಲ್ಲಿ ಸ್ಯಾಕ್ಸನ್ನರ ಜೊತೆ ಬನಾತ್ ಸೀಮೆಯ ಜರ್ಮನರೂ ಇದ್ದರು, ಒಟ್ಟು ಎರಡು ಲಕ್ಷಕ್ಕೂ ಮೇಲೆ. 1989ರ ಕೊನೆಗೆ ಗಡಿ ತೆರೆದದ್ದೇ ತಡ, ಉಳಿದವರೂ ಹೊರಟರು. ಎಂಟುನೂರು ವರ್ಷದ ಊರುಗಳು ಒಂದೆರಡು ವರ್ಷದಲ್ಲಿ ಖಾಲಿ.

ಇದ್ದವರಲ್ಲಿ ಒಬ್ಬರು ಕ್ಲಾವ್ಸ್ ಯೊಹಾನಿಸ್. ಸಿಬಿಯು ಊರಿನ ಮೇಯರ್ ಆಗಿದ್ದವರು, 2014ರಿಂದ 2025ರವರೆಗೆ ದೇಶದ ಅಧ್ಯಕ್ಷರಾಗಿದ್ದರು.

ಗಾರೆ_ಸುಣ್ಣ
ಖಾಲಿ ಆಗಿದ್ದಕ್ಕೆ ಬೆಲೆ ಕಟ್ಟಡ ತೆರುತ್ತೆ. 150ಕ್ಕೂ ಹೆಚ್ಚು ಕೋಟೆ ಚರ್ಚುಗಳು ಉಳಿದಿವೆ. ಯುನೆಸ್ಕೋ ಪಟ್ಟಿಯಲ್ಲಿರೋದು ಏಳು ಹಳ್ಳಿ ಮಾತ್ರ. 1993ರಲ್ಲಿ ಬಿಯೆರ್ತಾನ್, 1999ರಲ್ಲಿ ಪ್ರೆಜ್ಮೆರ್ ಸೇರಿ ಇನ್ನೂ ಆರು. ಮಿಕ್ಕವಕ್ಕೆ ಮಾಡು ಸೋರಿದರೆ ಹೆಂಚು ಹೊದಿಸುವವರಿಲ್ಲ. 2016ರ ಫೆಬ್ರವರಿಯಲ್ಲಿ ಒಂದೇ ವಾರದ ಆಚೀಚೆ ಎರಡು ಊರಿನ ಗೋಪುರ ಬಿದ್ದವು, ರ್ವಾದೆಶ್ ಮತ್ತು ರೋಟ್‌ಬಾವ್. ತುರ್ಕರು ಬರಲಿಲ್ಲ, ಮಂಗೋಲರು ಬರಲಿಲ್ಲ. ಬಿರುಕಿಗೆ ನೀರು ಇಳೀತು ಅಷ್ಟೇ.

ನನ್ನ ಕಸುಬಿನಲ್ಲಿ ಕಂಡಿದ್ದು ಹೇಳ್ತೀನಿ. ಗೋಡೆಯನ್ನ ಕೊಲ್ಲೋದು ಮಳೆ ಅಲ್ಲ, ಮಾಡಿನ ನೀರು ಹರಿಯೋ ದೋಣಿ ಮುಚ್ಚಿಹೋಗೋದು. ವರ್ಷಕ್ಕೊಮ್ಮೆ ಏಣಿ ಹಾಕಿ ಮಾಡಿನ ದೋಣಿಯಿಂದ ಎಲೆ ತೆಗೆಯೋ ಒಬ್ಬ ಮನುಷ್ಯ ಊರಲ್ಲಿದ್ದರೆ ಇನ್ನೂರು ವರ್ಷ ನಿಲ್ಲುತ್ತೆ.

ಹುಡೇವಿನ_ನೆರಳು
ನಮ್ಮ ಹುಡೇವಿನ ಮೇಲಿನ ಬೇವಿನ ಗಿಡ ಕಡೀಬೇಕಾ ಹಾಗಾದರೆ?

ಗಾರೆ_ಸುಣ್ಣ
ಕಡೀರಿ, ಆದರೆ ಬೇರು ಕೀಳಬೇಡಿ. ಬೇರು ಕಿತ್ತರೆ ಕಲ್ಲೂ ಜೊತೆಗೆ ಬರುತ್ತೆ. ಬುಡಕ್ಕೆ ಕೊಯ್ದು, ಚಿಗುರಿದಾಗೆಲ್ಲ ಮತ್ತೆ ಕೊಯ್ದು ಒಣಗಿಸಿ. ಆಮೇಲೆ ಸಂದಿಗೆ ಸುಣ್ಣದ ಗಾರೆ. ಸಿಮೆಂಟ್ ಬೇಡ. ದಯವಿಟ್ಟು ಸಿಮೆಂಟ್ ಬೇಡ.

ಹುಡೇವಿನ_ನೆರಳು
ಪಂಚಾಯಿತಿಯವರು ಹೋದ ವರ್ಷ ಅರ್ಧಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದಾಗಿದೆ. ಗುಲಾಬಿ ಬಣ್ಣ.

ಗಾರೆ_ಸುಣ್ಣ
ನಾನು ಸ್ವಲ್ಪ ಹೊತ್ತು ಆಫ್‌ಲೈನ್ ಹೋಗ್ತೀನಿ.

ಚಳಿಗೆ_ಕಾಫಿ
ಎಲ್ಲರಿಗೂ ಥ್ಯಾಂಕ್ಸ್. ತಡೆಯಲಾರದೆ ಈ ಶನಿವಾರ ಒಬ್ಬನೇ ಮತ್ತೆ ಹೋದೆ. ವ್ಯಾನ್ ಇಲ್ಲ, ಬ್ರಾಶೋವ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಬೆಳಿಗ್ಗೆ ಹೋಗಿ ಬಾಗಿಲು ಹಾಕೋವರೆಗೂ ಇದ್ದೆ.

ಅಲ್ಟಾರ್ ನೋಡಿದೆ. ಮಾಡಿನ ಅಡಿಯ ದಾರಿಯಲ್ಲಿ ಒಂದು ಸುತ್ತು ಬಂದೆ. ಎಷ್ಟು ಕತ್ತಲು ಅಂದರೆ ಸೀಳಿನಿಂದ ಸೀಳಿಗೆ ಬೆಳಕು ಎಣಿಸಿಕೊಂಡು ನಡೀಬೇಕು. ಒಂದು ಕೋಣೆಯಲ್ಲಿ ಶಾಲೆ ಇದೆ! ಬೆಂಚು, ಕರಿಹಲಗೆ ಎಲ್ಲ ಇಟ್ಟಿದ್ದಾರೆ. ಹೊರಗೆ ಮುತ್ತಿಗೆ ಬಿದ್ದಿದ್ದರೂ ಒಳಗೆ ಪಾಠ ತಪ್ಪುತ್ತಿರಲಿಲ್ಲವಂತೆ. ಪಾಪದ ಮಕ್ಕಳು, ತುರ್ಕರು ಬಂದರೂ ರಜೆ ಇಲ್ಲ. ನೆಲಮಟ್ಟದ ಒಂದು ಬಾಗಿಲಿನ ಹೊಸ್ತಿಲು ನಡುವೆ ತಗ್ಗಾಗಿ ಸವೆದಿತ್ತು, ನಮ್ಮ ಅಜ್ಜಿ ಮನೆಯ ಒರಳಿನ ಹಾಗೆ. ಕೈ ಇಟ್ಟು ನೋಡಿದೆ. ಒಂದೇ ಮನೆಯವರ ಕಾಲು ಅಷ್ಟೂ.

ಕೋಣೆಗಳನ್ನ ನಾನೇ ಎಣಿಸಬೇಕು ಅಂತ ಹೊರಟೆ. ನೂರಾ ನಲವತ್ತರ ಹತ್ತಿರ ಒಂದು ಶಾಲಾ ಪ್ರವಾಸದ ಗುಂಪು ಬಂದು ಲೆಕ್ಕ ತಪ್ಪಿಹೋಯ್ತು. ಮುಂದಿನ ಸಲ ಸೀಮೆಸುಣ್ಣ ತಗೊಂಡು ಹೋಗ್ತೀನಿ.

ಚಕ್ಕುಲಿ_ಡಬ್ಬಿ
ಯುನೆಸ್ಕೋ ಬಾಗಿಲಿಗೆ ಸೀಮೆಸುಣ್ಣದ ಗೀಟು ಹಾಕಿ ಸಿಕ್ಕಿಬಿದ್ದರೆ ಬಿಯೆರ್ತಾನ್ ಕೋಣೆಗೆ ಹಾಕ್ತಾರೆ. ಎರಡು ವಾರ, ಒಂದೇ ಚಮಚ, ಜೊತೆಗೆ ಆ ವ್ಯಾನಿನವನು.